ಅಂಗೈ ತೋರಿಸಿದ ಎತ್ತರ

ಸಿಂಧನೂರಿನ ಧಾನ್ಯಪೇಟೆಯಾದ ಗಂಜಿನಲ್ಲಿ ಸೂಗಪ್ಪನ ಕಣ್ಣಿಗೆ ತಕ್ಕಡಿಗಿಂತ ಹೆಚ್ಚು ಮರ್ಯಾದೆ ಇತ್ತು. ನೆಲಕ್ಕೆ ಸುರಿದ ಭತ್ತದ ರಾಶಿಯನ್ನು ಒಂದು ಸುತ್ತು ಹಾಕಿ, ಮೀಸೆಯ ತುದಿ ತಿರುವಿ, 'ನಲವತ್ತೆರಡು ಚೀಲ' ಎಂದನೆಂದರೆ ಮುಗಿಯಿತು. ಹಮಾಲರು ತುಂಬಿ ನೋಡಿದಾಗ ನಲವತ್ತೆರಡೇ ಆಗುತ್ತಿತ್ತು. ಹೆಚ್ಚೆಂದರೆ ಅರ್ಧ ಚೀಲ ಅತ್ತಿತ್ತ. ದಲಾಲಿ ಅಂಗಡಿಯ ಸಾಹುಕಾರರು ಅವನನ್ನು ಇಟ್ಟುಕೊಂಡದ್ದೇ ಈ ಕಣ್ಣಿಗಾಗಿ. ಆ ಮಾತನ್ನು ಸಾಹುಕಾರರು ವರ್ಷಕ್ಕೊಮ್ಮೆ ಹೇಳುತ್ತಿದ್ದರು, ಸೂಗಪ್ಪ ದಿನಕ್ಕೆರಡು ಸಲ ಹೇಳುತ್ತಿದ್ದ. ಸಂಜೆ ಬಸ್ಸಿನಲ್ಲಿ ತನ್ನೂರು ಮಸ್ಕಿಗೆ ಮರಳುವಾಗ ಪಕ್ಕದಲ್ಲಿ ಯಾರು ಕೂತರೂ ಅವರಿಗೆ ಅದನ್ನು ಕೇಳುವ ಭಾಗ್ಯವಿತ್ತು.

ಇಂಥ ಕಣ್ಣಿನವನಿಗೆ ಹೆಂಗಸರು ಬಟ್ಟೆ ಅಂಗಡಿಗೆ ಹೋಗುವ ರೀತಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಹಿಂದಿನ ಯುಗಾದಿಗೆ ಹೆಂಡತಿ ಬಸ್ಸಮ್ಮನ ಜೊತೆ ಮಕ್ಕಳ ಬಟ್ಟೆ ತರಲು ಹೋಗಿ ಅವನ ಒಂದಿಡೀ ದಿನ ನೀರುಪಾಲಾಗಿತ್ತು. ಮೊದಲು ಮಸ್ಕಿಯ ಮೂರು ಅಂಗಡಿ. ಅಲ್ಲಿ ಬಣ್ಣ ಸರಿ ಇಲ್ಲ. ಬಸ್ಸು ಹತ್ತಿ ಲಿಂಗಸುಗೂರು. ಅಲ್ಲಿ ಬಣ್ಣ ಸರಿ ಇದೆ, ಹೊಲಿಗೆ ಸಡಿಲ. ಮತ್ತೆ ಬಸ್ಸು ಹತ್ತಿ ಸಿಂಧನೂರು. ಪ್ರತಿಯೊಂದು ಅಂಗಡಿಯಲ್ಲೂ ಬಸ್ಸಮ್ಮ ಫ್ರಾಕನ್ನು ಒಳಮಗ್ಗಲು ಹೊರಗೆ ಮಾಡಿ, ಹೊಲಿಗೆ ಜಗ್ಗಿ, ಮೂಲೆಯನ್ನು ಒದ್ದೆ ಬೆರಳಿನಿಂದ ಉಜ್ಜಿ ಬಣ್ಣ ಬಿಡುತ್ತದೋ ಎಂದು ನೋಡಿ, ಬೆಲೆ ಕೇಳಿ, 'ಹೌದಾ' ಎಂದು ಎದ್ದು ಬರುವಳು. ಸೂಗಪ್ಪ ಹೊರಗಿನ ಬೆಂಚಿನ ಮೇಲೆ ಬೇರೆ ಗಂಡಂದಿರ ಸಾಲಿನಲ್ಲಿ ಕೂತು ಬೀಡಿ ಸೇದಿ ಸೇದಿ ಬಾಯಿ ಕಹಿ ಮಾಡಿಕೊಂಡ. ಕೊನೆಗೆ ಬಸ್ಸಮ್ಮ ಮಸ್ಕಿಗೆ ಮರಳಿ, ಬೆಳಿಗ್ಗೆ ಮೊದಲು ಹೊಕ್ಕ ಅಂಗಡಿಯಲ್ಲಿ ಮೊದಲು ಮುಟ್ಟಿದ ಫ್ರಾಕನ್ನೇ ಕೊಂಡಳು. ಈ ಕಥೆಯನ್ನು ಅವನು ಗಂಜಿನಲ್ಲಿ ಹೇಳಿ ಹೇಳಿ ನಗಿಸುತ್ತಿದ್ದ. ಆ ಫ್ರಾಕು ಮಗಳ ಮೈಗೆ ಹೇಳಿ ಮಾಡಿಸಿದ ಹಾಗೆ ಕೂತದ್ದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವನಿಗೆ ಇಬ್ಬರು ಮಕ್ಕಳು. ದೊಡ್ಡವಳು ಯಮನಮ್ಮ, ಮನೆಯಲ್ಲಿ ಯಮನಿ, ಹತ್ತು ವರ್ಷ. ಚಿಕ್ಕವನು ಅಮರೇಶ, ಎಂಟೂವರೆ. ಗುರುಗುಂಟಾ ಅಮರೇಶ್ವರನಿಗೆ ಹರಕೆ ಹೊತ್ತು ಪಡೆದ ಮಗ. ಸೂಗಪ್ಪ ನಸುಕಿನ ಬಸ್ಸಿಗೆ ಹೋಗುವಾಗ ಇಬ್ಬರೂ ಮಲಗಿರುತ್ತಿದ್ದರು. ಸಂಜೆ ಅವನು ಹೊಸ್ತಿಲು ದಾಟಿದ ಕೂಡಲೇ ಅಮರೇಶ ಓಡಿ ಬಂದು ಹೆಗಲೇರುವನು. ಯಮನಿ ತಂಬಿಗೆಯಲ್ಲಿ ನೀರು ತಂದು ಬಾಗಿ ಇಟ್ಟು ಒಳಗೆ ಹೋಗುವಳು. ಉಳಿದಂತೆ ಅವಳು ಕಸ ಗುಡಿಸುತ್ತ ಬಗ್ಗಿರುತ್ತಿದ್ದಳು, ಇಲ್ಲವೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. ಒಬ್ಬರನ್ನು ಸದಾ ಹೆಗಲ ಮೇಲೆ, ಇನ್ನೊಬ್ಬರನ್ನು ಸದಾ ನೆಲದ ಹತ್ತಿರ ನೋಡುವವನ ಲೆಕ್ಕ ಹೇಗಿರಬೇಕೋ ಸೂಗಪ್ಪನದೂ ಹಾಗೇ ಇತ್ತು. ಅದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಎಂಬತ್ತೊಂಬತ್ತರ ಜನವರಿ ಇಪ್ಪತ್ತನಾಲ್ಕರ ಸಂಜೆ ಯಮನಿ ನೀರಿನ ತಂಬಿಗೆ ಇಟ್ಟು ಒಳಗೆ ಹೋಗದೆ ನಿಂತಳು.

"ಅಪ್ಪಾ, ನಾಡದು ಛಬ್ಬೀಸ್ ಜನವರಿಗೆ ಊರಾಗ ಮೆರವಣಿಗಿ ಐತಿ. ಮುಂದ ಝಂಡಾ ಹಿಡಿಯಾಕ ಹೆಡ್‍ಮಾಸ್ತರು ನನ್ನ ಆರಿಸ್ಯಾರ."

"ಶಾಬಾಶ್," ಎಂದ ಸೂಗಪ್ಪ, ಹೆಗಲ ಮೇಲಿದ್ದ ಮಗನ ಕಾಲು ಹಿಡಿದುಕೊಂಡು. ಯಾಕೆ ಆರಿಸಿದರು ಎಂದು ಕೇಳಲಿಲ್ಲ.

"ಬಿಳೀ ಡ್ರೆಸ್ ಬೇಕಂತ. ಇಲ್ಲಂದ್ರ ಝಂಡಾ ನಮ್ಮ ಸಾಲಿ ಮೀರಾಬಿ ಕೈಯಾಗ ಕೊಡ್ತಾರಂತ. ಆಕಿ ಕಡೆ ಬಿಳೀ ಫ್ರಾಕ್ ಐತಿ."

ಬಸ್ಸಮ್ಮ ಒಲೆಯ ಮುಂದಿನಿಂದಲೇ ಹೇಳಿದಳು. "ನಾಳೆ ನಾ ಹೋಗಿ ತರ್ತೀನಿ."

"ನೀ ಹೋದ್ರ ಛಬ್ಬೀಸ್ ಜನವರಿ ಮುಗದ ಮ್ಯಾಲ ಬರ್ತಿ," ಎಂದ ಸೂಗಪ್ಪ. "ಮಸ್ಕಿ ಆಗ್ಬೇಕು, ಲಿಂಗಸುಗೂರು ಆಗ್ಬೇಕು. ನಾ ಗಂಜಿನಿಂದ ಬರೂಮುಂದ ಹತ್ತ ಮಿನಿಟಿನಾಗ ತರ್ತೀನಿ ನೋಡು. ಹುಡುಗಗೂ ಒಂದು ಬಿಳೀ ಅಂಗಿ, ಬಿಳೀ ಪ್ಯಾಂಟು ತರ್ತೀನಿ."

ಅಮರೇಶ ಮೆರವಣಿಗೆಯ ಬಾಲದಲ್ಲಿ ನಡೆಯುವವನು. ಅವನಿಗೆ ಯಾರೂ ಬಿಳಿ ಬಟ್ಟೆ ಕೇಳಿರಲಿಲ್ಲ. ಆದರೂ ಅವನ ಜೀವನದ ಮೊದಲ ಫುಲ್ ಪ್ಯಾಂಟು ಆ ಕ್ಷಣದಲ್ಲಿ ಮಂಜೂರಾಯಿತು.

"ಅಪ್ಪಾ, ಅವ್ವನ ಹೋಗ್ಲಿ," ಎಂದಳು ಯಮನಿ, ಮೆಲ್ಲಗೆ. ಸೂಗಪ್ಪ ನಕ್ಕುಬಿಟ್ಟ. ಈಗಿಂದಲೇ ತಾಯಿಯ ಬುದ್ಧಿ ಬಂದಿದೆ ಎಂದುಕೊಂಡ.

ಬಸ್ಸಮ್ಮ ವಾದಿಸಲಿಲ್ಲ. ಬೆಳಿಗ್ಗೆ ಮಲಗಿದ್ದ ಮಕ್ಕಳನ್ನೇ ಅಳೆದು ಎರಡು ದಾರ ತಂದು ಗಂಡನ ಜುಬ್ಬಾದ ಜೇಬಿಗೆ ತುರುಕಿದಳು. "ಕರೇ ದಾರ ಹುಡುಗಂದು, ಬಿಳೀ ದಾರ ಹುಡುಗೀದು. ಮೊದಲನೇ ಗಂಟು ಎದಿ ಸುತ್ತ, ಎರಡನೇದು ಉದ್ದ. ಕಳಕೋಬ್ಯಾಡ್ರಿ."

ಆ ದಾರಗಳು ಮಧ್ಯಾಹ್ನದ ತನಕ ಜೇಬಿನಲ್ಲಿ ಕ್ಷೇಮವಾಗಿದ್ದವು. ಮಧ್ಯಾಹ್ನ ಮಿಲ್ಲಿನವರು ಎರಡು ರಾಶಿಯ ಸ್ಯಾಂಪಲ್ ಕೇಳಿದರು. ಸೂಗಪ್ಪ ಎರಡು ಹಿಡಿ ಭತ್ತ ತೆಗೆದು ಎರಡು ಬಟ್ಟೆ ತುಂಡಿನಲ್ಲಿ ಹಾಕಿ, ಕಟ್ಟಲು ಹುರಿ ಹುಡುಕಿದ. ಹುರಿ ಸಿಗಲಿಲ್ಲ. ಜೇಬಿಗೆ ಕೈ ಹಾಕಿದ, ದಾರ ಸಿಕ್ಕವು. ಇಪ್ಪತ್ತು ವರ್ಷದಿಂದ ಸ್ಯಾಂಪಲ್ ಕಟ್ಟಿದ ಕೈ ಅದು. ತಲೆಯನ್ನು ಕೇಳದೆ ಕಟ್ಟಿಬಿಟ್ಟಿತು. ಮಗನ ಎದೆಯ ಸುತ್ತಳತೆ ಒಂದು ಗಂಟಿನಲ್ಲಿ, ಮಗಳದು ಇನ್ನೊಂದರಲ್ಲಿ ಮಿಲ್ಲಿನ ಲಾರಿ ಹತ್ತಿ ಹೋದವು.

ಸಂಜೆ ಐದಕ್ಕೆ ಅವನು ಬಸ್‍ಸ್ಟ್ಯಾಂಡಿನ ಎದುರಿನ ಮಕ್ಕಳ ಬಟ್ಟೆ ಅಂಗಡಿ ಹೊಕ್ಕ. ಅಂಗಡಿ ಮೆಹರಬಾನುವಿನದು. ಐವತ್ತರ ಹತ್ತಿರದ ಹೆಂಗಸು, ಗಂಡ ತೀರಿದ ಮೇಲೆ ತಾನೇ ದುಡ್ಡಿನ ಗಲ್ಲೆಯ ಮುಂದೆ ಕೂತು ನಡೆಸಿಕೊಂಡು ಬಂದವಳು. ಮೂಗಿನ ತುದಿಗೆ ಕನ್ನಡಕ, ಕಿವಿಯ ಸಂದಿಯಲ್ಲಿ ಒಂದು ತುದಿ ನೀಲಿ, ಇನ್ನೊಂದು ತುದಿ ಕೆಂಪು ಇರುವ ದಪ್ಪ ಪೆನ್ಸಿಲ್ಲು.

"ಒಂದು ಬಿಳೀ ಅಂಗಿ, ಪ್ಯಾಂಟು. ಒಂದು ಬಿಳೀ ಫ್ರಾಕು. ಜಲ್ದಿ ಕೊಡ್ರಿ ಯಕ್ಕಾ, ಬಸ್ಸಿಗೆ ಟೈಮಾಗೇತಿ."

"ಅಳತಿ ತಂದೀರೇನ್ ಅಣ್ಣಾ?"

ಸೂಗಪ್ಪ ಜೇಬಿಗೆ ಕೈ ಹಾಕಿದ. ನಾಲ್ಕು ಭತ್ತದ ಕಾಳು ಸಿಕ್ಕವು. ಅವನಿಗೆ ಎಲ್ಲ ನೆನಪಾಯಿತು. ಆದರೆ ಒಬ್ಬ ಹೆಂಗಸಿನ ಮುಂದೆ, ಅದೂ ದಾರದ ವಿಷಯಕ್ಕೆ, ತಪ್ಪಾಯಿತು ಎನ್ನುವುದು ಹೇಗೆ?

"ಅಳತಿ ಹೆಂಗಸರಿಗೆ ಬೇಕು. ನನಗ ಕಣ್ಣೈತಿ," ಎಂದ.

ಮೆಹರಬಾನು ಗಲ್ಲೆಯ ಪಕ್ಕದ ಕಟ್ಟಿಗೆ ಕಂಬ ತೋರಿಸಿದಳು. ಬಿಳಿ ಬಣ್ಣ ಬಳಿದ ಕಂಬ, ಅದರ ತುಂಬ ಅಡ್ಡಗೆರೆಗಳು. "ಇಲ್ಲಿ ನಿಂತು ಕೈಲೆ ಎತ್ತರ ತೋರಸ್ರಿ. ಮೊದಲ ಹುಡುಗಂದು."

ಸೂಗಪ್ಪ ಅಂಗೈ ಚಾಚಿ ತನ್ನ ಪಕ್ಕೆಲುಬಿನ ಮಟ್ಟಕ್ಕೆ ಹಿಡಿದ. ಅವಳು ನೀಲಿ ಗೆರೆ ಎಳೆದಳು. "ಹುಡುಗೀದು?" ಕೈ ಸೊಂಟದ ಹತ್ತಿರ ಇಳಿಯಿತು. ಅವಳು ಪೆನ್ಸಿಲ್ಲು ತಿರುಗಿಸಿ ಕೆಂಪು ಗೆರೆ ಎಳೆದಳು. ಕನ್ನಡಕ ಸರಿಮಾಡಿಕೊಂಡು ಎರಡೂ ಗೆರೆ ನೋಡಿದಳು.

"ಹುಡುಗಗ ಎಷ್ಟು ವಯಸ್ಸು?"

"ಎಂಟೂವರಿ."

"ಹುಡುಗಿ?"

"ಹತ್ತು."

"ಎಂಟೂವರಿ ತಮ್ಮ ಹತ್ತು ವರ್ಷದ ಅಕ್ಕಗಿಂತ ಗೇಣು ಎತ್ತರ ಅದಾನ?"

"ಗಂಡುಹುಡುಗ ಅಲ್ಲೇನ್ರಿ."

ಮೆಹರಬಾನು ಸೆರಗಿನ ಅಂಚಿನಲ್ಲಿ ನಗು ಒರೆಸಿಕೊಂಡಳು. "ಸಿಟ್ಟಾಗಬ್ಯಾಡ್ರಿ ಅಣ್ಣಾ. ಈ ಕಂಬ ನೋಡ್ರಿ. ಹನ್ನೊಂದು ವರ್ಷದ್ದು. ಬರೇ ಅಪ್ಪಗಳು ತೋರಿಸಿದ ಎತ್ತರ. ನೀಲಿ ಗೆರಿ ಎಲ್ಲಾ ಮ್ಯಾಲ, ಕೆಂಪು ಗೆರಿ ಎಲ್ಲಾ ಕೆಳಗ. ಈ ಕಂಬ ಒಂದ ನೋಡಿದವರು ಸಿಂಧನೂರು ತಾಲೂಕಿನಾಗ ಹೆಣ್ಣುಮಕ್ಕಳು ಬೆಳಿಯಾದ ಇಲ್ಲ ಅಂತಾರ. ಅದಕ್ಕ ನಾ ಏನ್ ಮಾಡ್ತೀನಿ, ಅಪ್ಪ ತೋರಿಸಿದ ಎತ್ತರಕ್ಕ ಹುಡುಗಂದು ಎರಡು ಸೈಜು ಇಳಸ್ತೀನಿ, ಹುಡುಗೀದು ಎರಡು ಸೈಜು ಏರಸ್ತೀನಿ. ಇವತ್ತಿನತನ ಒಂದೂ ವಾಪಸ್ ಬಂದಿಲ್ಲ."

"ಮತ್ತ ಅವ್ವಗಳು?"

"ಅವರು ದಾರ ತರ್ತಾರ, ಕಂಬ ಬೇಕಾಗಂಗಿಲ್ಲ. ಆದ್ರ ಎರಡು ತಾಸು ಕುಂತು, ಅಂಗಡಿ ಎಲ್ಲಾ ಕೆಡವಿ, ನನ್ನ ಜೀವಾ ತಿಂದು ಹೋಗ್ತಾರ. ನೀವು ಬಂದ್ರ ನನಗ ಆರಾಮ."

ಈ ಹೊಗಳಿಕೆಯಿಂದ ಸೂಗಪ್ಪನಿಗೆ ಸಮಾಧಾನವಾಗಲಿಲ್ಲ. ಅವನ ಕಣ್ಣಿಗೆ ಇಷ್ಟು ವರ್ಷದಲ್ಲಿ ಯಾರೂ ಎರಡು ಸೈಜು ಕಡಿತ ಹಿಡಿದಿರಲಿಲ್ಲ. "ನೋಡ್ರಿ ಯಕ್ಕಾ, ನೂರು ಚೀಲದ ರಾಶಿ ದೂರದಿಂದ ನೋಡಿ ಹೇಳಾಂವ ನಾನು. ಗಂಜಿನಾಗ ಯಾರನ್ನಾದ್ರೂ ಕೇಳ್ರಿ. ನನ್ನ ಮಕ್ಕಳು ನನಗ ಗೊತ್ತಿಲ್ಲೇನು?"

"ರಾಶಿ ಸುಮ್ನ ಬಿದ್ದಿರತದ ಅಣ್ಣಾ. ಮಕ್ಕಳು ಬೆಳೀತಾವ."

"ನಾ ತೋರಿಸಿದ್ದ ಕೊಡ್ರಿ."

ಅವಳು ಅಂಗಿ-ಪ್ಯಾಂಟು ಇಪ್ಪತ್ತೆಂಟರ ಸೈಜು, ಫ್ರಾಕು ಇಪ್ಪತ್ತನಾಲ್ಕರ ಸೈಜು ತೆಗೆದು ಕಟ್ಟಿಕೊಟ್ಟಳು. ಸೂಗಪ್ಪ ಒಳಮಗ್ಗಲು ನೋಡಲಿಲ್ಲ, ಹೊಲಿಗೆ ಜಗ್ಗಲಿಲ್ಲ, ಹೇಳಿದ ಬೆಲೆ ಕೊಟ್ಟ. ಮೆಟ್ಟಿಲಿಳಿದು ವಾಚು ನೋಡಿದರೆ ಎಂಟೇ ಮಿನಿಟು ಆಗಿತ್ತು. ಎರಡು ಮಿನಿಟು ಉಳಿಸಿದ ಸಂತೋಷಕ್ಕೆ ಬಸ್‍ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದ.

ಮಸ್ಕಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮಕ್ಕಳು ಬಾಗಿಲಲ್ಲೇ ಕಾಯುತ್ತಿದ್ದರು. ಯಮನಿ ಫ್ರಾಕು ಎದೆಗವಚಿಕೊಂಡು ಒಳಗೆ ಓಡಿದಳು. ಬಸ್ಸಮ್ಮ ಮೊದಲು ಕೇಳಿದ್ದು ದಾರವನ್ನು.

"ದಾರ ಎಲ್ಲಿ?"

"ಬಟ್ಟಿ ಬಂದ ಮ್ಯಾಲ ದಾರ ಯಾಕ ನಿನಗ?" ಎಂದ ಸೂಗಪ್ಪ.

ಒಳಗಿನಿಂದ ಯಮನಿ ಬರಲಿಲ್ಲ. ಕರೆದರೂ ಬರಲಿಲ್ಲ. ಬಸ್ಸಮ್ಮ ಹೋಗಿ ಕೈಹಿಡಿದು ಕರೆತಂದಳು. ಫ್ರಾಕು ಹೆಗಲಲ್ಲೇ ಸಿಕ್ಕಿಕೊಂಡಿತ್ತು. ಬೆನ್ನಿನ ಎರಡು ಅಂಚುಗಳ ನಡುವೆ ನಾಲ್ಕು ಬೆರಳು ಜಾಗ. ಕೆಳಗೆ ಅದು ತೊಡೆಯ ಮಧ್ಯಕ್ಕೆ ನಿಂತುಬಿಟ್ಟಿತ್ತು. ಹುಡುಗಿ ಕೈ ಇಳಿಸಲಾಗದೆ ಎರಡೂ ಕೈ ಮೇಲೆತ್ತಿಕೊಂಡೇ ನಿಂತಿದ್ದಳು.

"ಅಪ್ಪಾ, ಉಸಿರು ಬಿಗಿ ಹಿಡದ್ರ ಆಗತೈತಿ," ಎಂದಳು. "ಮೆರವಣಿಗಿ ಮುಗಿಯತನಾ ಹಿಡಿತೀನಿ."

ಅವಳು ಅತ್ತು ರಂಪ ಮಾಡಿದ್ದರೆ ಸೂಗಪ್ಪ ಗದರಿಸಿ ಪಾರಾಗುತ್ತಿದ್ದ. ಅವನಿಗೆ ನೋವಾಗಬಾರದೆಂದು ಉಸಿರು ಹಿಡಿಯಲು ಹೊರಟವಳನ್ನು ಗದರಿಸುವುದು ಹೇಗೆ?

ಅಷ್ಟರಲ್ಲಿ ಅಮರೇಶ ಹೊಸ ಅಂಗಿ-ಪ್ಯಾಂಟು ತೊಟ್ಟು ಹೊರಬಂದ. ಬಂದದ್ದು ಅಂಗಿ ಮತ್ತು ಪ್ಯಾಂಟು. ಒಳಗೆ ಎಲ್ಲೋ ಅಮರೇಶನೂ ಇದ್ದ. ತೋಳುಗಳು ಬೆರಳು ದಾಟಿದ್ದವು, ಪ್ಯಾಂಟಿನ ಕಾಲುಗಳು ನೆಲ ಗುಡಿಸುತ್ತಿದ್ದವು. ಎರಡು ಹೆಜ್ಜೆ ಇಟ್ಟು ಎಡವಿ ಅಕ್ಕನ ಮೇಲೆ ಬಿದ್ದ. ಅವಳು ಅವನನ್ನು ಎತ್ತಿ ನಿಲ್ಲಿಸಿದಳು, ಇಬ್ಬರೂ ದೀಪದ ಕೆಳಗೆ ಒಬ್ಬರ ಪಕ್ಕ ಒಬ್ಬರು ನಿಂತರು. ಅಮರೇಶನ ನೆತ್ತಿ ಯಮನಿಯ ಕಿವಿಯ ಕೆಳಗಿತ್ತು.

ಸೂಗಪ್ಪ ರಾಶಿ ನೋಡುವವನ ಹಾಗೆ ಮಕ್ಕಳನ್ನು ಒಂದು ಸುತ್ತು ಹಾಕಿದ. ಆ ಕಡೆಯಿಂದ ನೋಡಿದರೂ ಅಷ್ಟೇ ಇತ್ತು.

"ಇದು ಯಾವಾಗ ಆತು?" ಎಂದ.

"ಯಾವಾಗಲೂ ಹಿಂಗ ಐತಿ," ಎಂದಳು ಬಸ್ಸಮ್ಮ.

"ಸಾಲ್ಯಾಗ ಎಲ್ಲಾರಿಗಿಂತ ನಾನ ಎತ್ತರ ಅಪ್ಪಾ," ಎಂದಳು ಯಮನಿ, ಕೈ ಇನ್ನೂ ಮೇಲೆಯೇ ಇತ್ತು. "ಅದಕ್ಕ ಝಂಡಾ ನನಗ ಕೊಟ್ಟಾರ. ಹಿಂದಿನವರಿಗೆಲ್ಲಾ ಕಾಣಬೇಕಂತ."

ಸೂಗಪ್ಪನಿಗೆ ನಾಚಿಕೆಯಾಯಿತು. ಯಾವುದೋ ಊರಿನ ರೈತನ ಭತ್ತ ಅವನಿಗೆ ಕಾಳುಕಾಳು ಗೊತ್ತಿತ್ತು. ತನ್ನ ಮನೆಯಲ್ಲೇ, ದಿನಾ ನೀರು ತಂದಿಡುತ್ತ ಮಗಳು ಬೆಳೆದದ್ದು ಗೊತ್ತಿರಲಿಲ್ಲ. ದಾರ ಎಲ್ಲಿ ಹೋಯಿತೆಂದು ಈಗ ಹೇಳಿದ. ಬಸ್ಸಮ್ಮ ಅವನನ್ನು ಹೇಗೆ ನೋಡಿದಳೆಂದರೆ, ಬೈದಿದ್ದರೆ ಒಳ್ಳೆಯದಿತ್ತು.

ಬಸ್ಸಮ್ಮ ಮುಂದೆ ಬಂದಳು. ಫ್ರಾಕನ್ನು ಹರಿಯದ ಹಾಗೆ ಮೆಲ್ಲಗೆ ಬಿಚ್ಚಿದಳು. ಅಮರೇಶನ ಮೈಮೇಲಿನ ಅಂಗಿ, ಪ್ಯಾಂಟು ಕಳಚಿ ಯಮನಿಗೆ ತೊಡಿಸಿ ಗುಂಡಿ ಹಾಕಿದಳು. ಹೆಗಲು ಹೆಗಲಿಗೆ ಸರಿ, ತೋಳು ಮಣಿಕಟ್ಟಿಗೆ ಸರಿ, ಪ್ಯಾಂಟು ಹಿಮ್ಮಡಿಗೆ ಸರಿ. ದರ್ಜಿ ಮುಂದೆ ನಿಲ್ಲಿಸಿ ಹೊಲಿಸಿದ್ದರೂ ಇಷ್ಟು ಸರಿಯಾಗಿ ಕೂಡುತ್ತಿರಲಿಲ್ಲ.

"ಹುಡುಗಿ ಪ್ಯಾಂಟು ಹಾಕ್ಕೊಂಡು ಊರ ತುಂಬ ಹೋದ್ರ ಮಂದಿ ಏನಂದಾರು?" ಎಂದ ಸೂಗಪ್ಪ, ಅರ್ಧ ದನಿಯಲ್ಲಿ.

"ನೀವ ತಂದೀರಿ. ಆಕಿ ಅಳತಿಗೇ ತಂದೀರಿ. ಹೆಸರಷ್ಟ ಹುಡುಗಂದು ಹೇಳೀರಿ."

ಅತ್ತ ಅಮರೇಶ, ಬರಿಮೈಯಲ್ಲಿ ಎಷ್ಟು ಹೊತ್ತು ನಿಂತಾನು, ಫ್ರಾಕು ಎತ್ತಿ ತೊಟ್ಟುಕೊಂಡು ಗಿರಗಿರನೆ ಸುತ್ತತೊಡಗಿದ್ದ. ಅದು ಅವನಿಗೆ ಎಲ್ಲಿಯೂ ಬಿಗಿಯಿಲ್ಲದೆ, ಎಲ್ಲಿಯೂ ಸಡಿಲವಿಲ್ಲದೆ ಕೂತಿತ್ತು. ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಮರುದಿನ ಗಂಜಿಗೆ ರಜೆ ಇತ್ತು, ಬೆಳಿಗ್ಗೆ ಸೂಗಪ್ಪ ಮಗಳ ಜೊತೆ ಶಾಲೆಗೆ ಹೋದ. ಹೆಡ್‍ಮಾಸ್ತರರು ಯಮನಿಯನ್ನು ಮೇಲಿಂದ ಕೆಳಗೆ ನೋಡಿ ಹುಬ್ಬು ಗಂಟಿಕ್ಕಿದರು. ಹುಡುಗಿಯರು ಫ್ರಾಕು, ಹುಡುಗರು ಪ್ಯಾಂಟು, ಇದೇನಿದು? ಪಕ್ಕದಲ್ಲಿ ಮೀರಾಬಿ ಇಸ್ತ್ರಿ ಹಾಕಿದ ಬಿಳಿ ಫ್ರಾಕು ತೊಟ್ಟು ತಯಾರಾಗಿ ನಿಂತಿದ್ದಳು. ಯಮನಿ ತಂದೆಯ ಮುಖ ನೋಡಿದಳು. ಸುತ್ತಲೂ ಊರ ಜನ, ಅವರಲ್ಲಿ ಅರ್ಧ ಜನ ಅದೇ ಸಂಜೆ ಬಸ್ಸಿನವರು, ಅವನ ಕಣ್ಣಿನ ಮಹಿಮೆಯನ್ನು ಬಾಯಿಪಾಠ ಮಾಡಿದವರು.

"ತಪ್ಪು ಹುಡುಗೀದಲ್ಲ ಸರ," ಎಂದ ಸೂಗಪ್ಪ. ಮೆಲ್ಲಗೆ ಹೇಳಬೇಕೆಂದುಕೊಂಡದ್ದು ಗಂಜಿನ ಅಭ್ಯಾಸಕ್ಕೆ ಜೋರಾಗಿಯೇ ಬಂತು. "ನನ್ನ ಕಣ್ಣು ತಪ್ಪೇತಿ. ಹುಡುಗನ ಅಳತಿ ಅಂತ ಆಕಿ ಅಳತಿ ತಂದೆ, ಆಕಿ ಅಳತಿ ಅಂತ ಹುಡುಗನ ಅಳತಿ ತಂದೆ. ಬಟ್ಟಿ ಬಿಳೇದೈತಿ, ಹುಡುಗಿ ಎತ್ತರ ಅದಾಳ. ಝಂಡಾ ಆಕಿಗೇ ಕೊಡ್ರಿ."

ಹಿಂದೆ ಯಾರೋ ಕಿಸಕ್ಕೆಂದರು. ಹೆಡ್‍ಮಾಸ್ತರರು ಮೀರಾಬಿಯ ಎತ್ತರ ನೋಡಿದರು, ಕೋಲಿನ ಉದ್ದ ನೋಡಿದರು, ಬಾವುಟವನ್ನು ಯಮನಿಯ ಕೈಗೆ ಕೊಟ್ಟರು.

ಮೆರವಣಿಗೆ ಪೇಟೆ ಬೀದಿಯಲ್ಲಿ ಬಂದಾಗ ಸೂಗಪ್ಪ ಚಹಾದಂಗಡಿಯ ಮುಂದೆ ನಿಂತಿದ್ದ. ಯಮನಿ ಬೆನ್ನು ನೆಟ್ಟಗೆ ಮಾಡಿ ಎಲ್ಲರಿಗಿಂತ ಮುಂದೆ ಬರುತ್ತಿದ್ದಳು. ಅವಳು ಅಷ್ಟು ನೆಟ್ಟಗೆ ನಿಂತದ್ದನ್ನು ಅವನು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿದ್ದ ರಾಜೇಸಾಬ್, ಸೈಕಲ್ ರಿಪೇರಿಯವನು, ಪ್ಯಾಂಟು ತೊಟ್ಟ ಯಮನಿಯನ್ನು ನೋಡಿ ಅವನ ಭುಜ ತಟ್ಟಿದ.

"ಸೂಗಪ್ಪಣ್ಣ, ನಿನ್ನ ಮಗ ನೀ ಹೇಳಿದಂಗ ಭಾಳ ಎತ್ತರ ಬೆಳದಾನ ಬಿಡು."

ಒಂದು ಕ್ಷಣ ಆ ಮಾತು ಹಿತವಾಗಿಯೇ ಇತ್ತು. ಸುಮ್ಮನಿದ್ದಿದ್ದರೆ ಅವನ ಕಣ್ಣಿನ ಮಾನ ರಾಜೇಸಾಬನ ಮಟ್ಟಿಗಾದರೂ ಉಳಿಯುತ್ತಿತ್ತು.

"ಮಗ ಅಲ್ಲೋ. ಮಗಳು," ಎಂದ ಸೂಗಪ್ಪ.

ಮಾರನೆಯ ಸಂಜೆ ಫ್ರಾಕು ಹಿಡಿದು ಮತ್ತೆ ಸಿಂಧನೂರಿನ ಆ ಅಂಗಡಿಗೆ ಹೋದ. ಮೆಹರಬಾನು ಗಂಟು ಬಿಚ್ಚಿ ನೋಡಿದಳು. ಹನ್ನೊಂದು ವರ್ಷದಲ್ಲಿ ವಾಪಸು ಬಂದ ಮೊದಲ ಬಟ್ಟೆ ಅದು. ಹೇಳಿ ಚುಚ್ಚಬಹುದಿತ್ತು, ಚುಚ್ಚಲಿಲ್ಲ.

"ಅಂಗಿ, ಪ್ಯಾಂಟು?"

"ಅವು ಹುಡುಗಿ ಬಿಚ್ಚವಲ್ಲಳು. ಹುಡುಗಗ ಬ್ಯಾರೆ ಬೇಕು." ಸೂಗಪ್ಪ ಎದೆಯ ಜೇಬಿನಿಂದ ಕರಿ ದಾರ ತೆಗೆದು ಗಲ್ಲೆಯ ಮೇಲಿಟ್ಟ. ಈ ಸಲ ಅದು ಬೇರೆ ಯಾವ ಕೆಲಸಕ್ಕೂ ಸಿಗದಿರಲೆಂದು ಜೇಬಿಗೆ ಪಿನ್ನು ಹಾಕಿಕೊಂಡಿದ್ದ. ಮೆಹರಬಾನು ದಾರ ಹಿಡಿದು ಅಳೆದು ಇಪ್ಪತ್ತನಾಲ್ಕರ ಸೈಜು ತೆಗೆದಳು.

"ಹುಡುಗೀ ದಾರ?"

"ಬಸ್ಸಮ್ಮ ಕೊಟ್ಟಿದ್ದಳು. ನಾನ ಬ್ಯಾಡ ಅಂದೆ. ಆಕೀದು ಈಗ ನನಗ ಬರೋಬ್ಬರಿ ಗೊತ್ತೈತಿ."

"ಹಂಗಾದ್ರ ತೋರಸ್ರಿ," ಎಂದು ಅವಳು ಕಿವಿಯ ಸಂದಿಯಿಂದ ಪೆನ್ಸಿಲ್ಲು ತೆಗೆದು ಕೆಂಪು ತುದಿ ಮುಂದೆ ಮಾಡಿಕೊಂಡಳು.

ಸೂಗಪ್ಪ ಕಂಬದ ಪಕ್ಕ ನಿಂತು ಅಂಗೈ ಚಾಚಿದ. ಕೈ ಸೊಂಟ ದಾಟಿತು. ಪಕ್ಕೆಲುಬು ದಾಟಿತು. ಬಾವುಟ ಹಿಡಿದು ಬೀದಿಯಲ್ಲಿ ಬಂದವಳನ್ನು ನೆನೆಯುತ್ತ ಅದು ಮೇಲೇರಿ ಅವನ ಎದೆಯ ಗುಂಡಿಯ ಹತ್ತಿರ ಹೋಗಿ ನಿಂತಿತು.

ಮೆಹರಬಾನು ಕೈ ನೋಡಿದಳು, ಅವನ ಮುಖ ನೋಡಿದಳು. ಬೆರಳುಗಳ ನಡುವೆ ಪೆನ್ಸಿಲ್ಲನ್ನು ತಿರುಗಿಸಿ ನೀಲಿ ಗೆರೆ ಎಳೆದಳು. ಆ ಗೆರೆಗೆ ಮೂವತ್ತೆರಡರ ಸೈಜು. ಅವಳು ಎರಡು ಸೈಜು ಇಳಿಸಿ ಇಪ್ಪತ್ತೆಂಟರ ಫ್ರಾಕು ತೆಗೆದು ಕಟ್ಟತೊಡಗಿದಳು.

"ಸಣ್ಣದಾಗತೈತಿ ಯಕ್ಕಾ," ಎಂದ ಸೂಗಪ್ಪ.

"ಆಗಂಗಿಲ್ಲ ಅಣ್ಣಾ," ಎಂದಳು ಅವಳು, ಗಂಟು ಬಿಗಿಯುತ್ತ.